ಪಾತ್ರೆ ವ್ಯಾಪಾರಿಯ ಮನೆ ಟಾಕೀಸು

"ಬುದ್ಧಿ, ಇನ್ನೂ ದೊಡ್ಡ ವ್ರತ ಯಾವುದಿದೆ?" ಎಂದು ಮುರಿಗೆಯ್ಯ ಗುರುಗಳನ್ನು ಕೇಳಿದ.

ಮುರಿಗೆಯ್ಯ ಮಠಕ್ಕೆ ಬಂದು ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ಉಪ್ಪು ಬಿಟ್ಟಿದ್ದ. ಚಾಪೆ ಬಿಟ್ಟು ಬರಿ ನೆಲದ ಮೇಲೆ ಮಲಗುತ್ತಿದ್ದ. ಸೋಮವಾರಗಳಲ್ಲಿ ಮಾತನ್ನೂ ಬಿಟ್ಟಿದ್ದ. ಪಾಠ, ಮಠದ ಕೆಲಸ ಎಲ್ಲ ಮುಗಿದ ಮೇಲೆ ಅವನಿಗೆ ಉಳಿಯುವ ಹೊತ್ತು ಸ್ವಲ್ಪ, ಮೈಯಲ್ಲಿನ ಕಸುವೂ ಸ್ವಲ್ಪ. ಆ ಸ್ವಲ್ಪದಲ್ಲೇ ಎಲ್ಲಕ್ಕಿಂತ ಹೆಚ್ಚಿನದನ್ನು ಹಿಡಿಯಬೇಕೆಂಬುದು ಅವನ ಆಸೆ. ಇಷ್ಟು ಮಾಡಿಯೂ ಮನಸ್ಸು ನಿಲ್ಲುತ್ತಿಲ್ಲ, ಹೀಗೇ ಆದರೆ ಮಠ ಬಿಟ್ಟು ಹೋಗುವುದೇ ವಾಸಿ ಎಂದ.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನ ಅಂಗಡಿ ಇದ್ದದ್ದು ತಾಮ್ರ ಹಿತ್ತಾಳೆ ಬಡಿಯುವವರ ಬೀದಿಯಲ್ಲಿ. ಹಗಲೆಲ್ಲ ಅಲ್ಲಿ ಸುತ್ತಿಗೆಯ ಸದ್ದು. ಹೊಸಬರು ಕಿವಿ ಮುಚ್ಚಿಕೊಂಡು ದಾಟುತ್ತಿದ್ದರು. ವ್ಯಾಪಾರಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಗಿರಾಕಿಗಳಿಗೆ ಅವನು ಒಂದು ಪಾಠವನ್ನು ತಪ್ಪದೆ ಹೇಳುತ್ತಿದ್ದ: ಹೊಳಪು ನೋಡಿ ಪಾತ್ರೆ ಕೊಳ್ಳಬೇಡಿ, ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ, ಒಳಗೆ ಬಿರುಕಿದ್ದರೆ ಪಾತ್ರೆಯೇ ಹೇಳುತ್ತದೆ. ಕೇಳಿದವರೆಲ್ಲ ತಟ್ಟಿ ನೋಡಿಯೇ ಕೊಳ್ಳುತ್ತಿದ್ದರು.

ಅವನ ಹೆಂಡತಿಗೆ ಸಿನಿಮಾ ಎಂದರೆ ಪ್ರಾಣ. ಹಳೆಯ ಚಿತ್ರಗಳ ಮಾತೆಲ್ಲ ಅವಳಿಗೆ ಬಾಯಿಪಾಠ. ಪರದೆಯ ಮೇಲೆ ನಾಯಕಿ ಬಾಯಿ ತೆರೆಯುವ ಮೊದಲೇ ಇವಳು ಆ ಮಾತನ್ನು ಮೆಲ್ಲಗೆ ಹೇಳಿ ಮುಗಿಸಿರುತ್ತಿದ್ದಳು. ಟಾಕೀಸಿನಲ್ಲಿ ಮುಂದಿನ ಸಾಲಿನವರು ಹಿಂತಿರುಗಿ ದುರುಗುಟ್ಟಿದ್ದೂ ಉಂಟು. ವ್ಯಾಪಾರಿಗೆ ಮಾತ್ರ ಪರದೆಯ ಮಾತಿಗಿಂತ ಪಕ್ಕದ ಈ ಪಿಸುಮಾತೇ ಇಷ್ಟ. ಅದನ್ನು ಅವಳ ಮುಂದೆ ಒಮ್ಮೆಯೂ ಹೇಳಿರಲಿಲ್ಲ. ಗಂಡಸರು ಇಂಥದ್ದನ್ನೆಲ್ಲ ಯಾಕೋ ಗಂಟು ಕಟ್ಟಿ ಅಟ್ಟದ ಮೇಲೆ ಇಟ್ಟುಬಿಡುತ್ತಾರೆ.

ಪೇಟೆಯ ಟಾಕೀಸು ಮುಚ್ಚಿತು. ಹೆಂಡತಿ ಸಂಜೆಯಾದರೆ ಮಂಕಾಗಿ ಕೂರುತ್ತಿದ್ದಳು. ಅವಳಿಗಾಗಿ ಮನೆಯಲ್ಲೇ ಒಂದು ಟಾಕೀಸು ಮಾಡಿಕೊಡಬೇಕು ಎಂದು ವ್ಯಾಪಾರಿ ಮನಸ್ಸು ಮಾಡಿದ. ದೊಡ್ಡ ಟಿವಿ ಮನೆಯಲ್ಲಿತ್ತು. ಹಳೆಯ ಚಿತ್ರಗಳನ್ನೆಲ್ಲ ತುಂಬಿಟ್ಟು ಟಿವಿಗೆ ಜೋಡಿಸಲು ಒಂದು ಕಂಪ್ಯೂಟರ್ ಬೇಕಿತ್ತು. ಸಿದ್ಧವಾದದ್ದು ಕೈಗೆಟುಕುವಂತಿರಲಿಲ್ಲ. ಬಿಡಿಭಾಗಗಳನ್ನು ಆರಿಸಿ ಜೋಡಿಸಿದರೆ ಇದ್ದ ಹಣದಲ್ಲೇ ಆಗುತ್ತದೆ ಎಂದು ಕಂಪ್ಯೂಟರ್ ಅಂಗಡಿಯವನು ಹೇಳಿದ.

ಹಣಕ್ಕೆ ಮಿತಿ ಇತ್ತು, ಆಸೆಗೆ ಇರಲಿಲ್ಲ. ಪ್ರೊಸೆಸರ್ ಎಲ್ಲಕ್ಕಿಂತ ವೇಗದ್ದೇ ಆಗಬೇಕು ಎಂದ. ಗ್ರಾಫಿಕ್ಸ್ ಕಾರ್ಡ್ ಎಲ್ಲಕ್ಕಿಂತ ದೊಡ್ಡದೇ ಆಗಬೇಕು ಎಂದ. ಅದು ಕಂಪ್ಯೂಟರಿನಲ್ಲಿ ಆಟವಾಡುವ ಹುಡುಗರು ಕೊಳ್ಳುವ ಕಾರ್ಡು. ಇವನಿಗೆ ಅದರ ಗೊಡವೆಯೇ ಬೇಕಿರಲಿಲ್ಲ. ಹಣವೆಲ್ಲ ಅವೆರಡಕ್ಕೇ ಹೋಯಿತು. ಉಳಿದ ಚಿಲ್ಲರೆಯಲ್ಲಿ ತೆಳು ತಗಡಿನ ಒಂದು ಕ್ಯಾಬಿನೆಟ್ಟು, ಶಾಖ ಹೊರಹಾಕಲು ಅಗ್ಗದ ಪುಟ್ಟ ಫ್ಯಾನುಗಳು ಬಂದವು. ಡಬ್ಬ ತಾನೇ, ಹೇಗಿದ್ದರೇನು ಎಂದುಕೊಂಡ. ತಳ ದಪ್ಪವಿರುವ ಪಾತ್ರೆಯನ್ನೇ ಕೊಳ್ಳಿ ಎಂದು ಊರಿಗೆಲ್ಲ ಹೇಳುವವನೇ ಹೀಗೆ ಅಂದುಕೊಂಡ.

ಯಂತ್ರವನ್ನು ಮನೆಯಲ್ಲಿ ಜೋಡಿಸಬಹುದಿತ್ತು. ಅವನು ತನ್ನ ಅಂಗಡಿಯ ಮುಂದಿನ ಕಟ್ಟೆಯ ಮೇಲೇ ಜೋಡಣೆ ಮಾಡಿಸಿದ. ಬೀದಿಯವರೆಲ್ಲ ಬಂದು ನೋಡಿದರು. ಇದು ಆನೆ ಬಿಡಿ ಯಜಮಾನ್ರೇ ಎಂದರು. ಸುತ್ತಿಗೆಗಳ ನಡುವೆ ಯಂತ್ರ ಚಾಲೂ ಆಯಿತು. ಅದರ ದೀಪಗಳು ಚೆನ್ನಾಗಿ ಹೊಳೆದವು. ವ್ಯಾಪಾರಿ ಹಿಗ್ಗಿಹೋದ.

ಮನೆಗೆ ತಂದು ಚಿತ್ರ ಹಾಕಿದ. ಚಿತ್ರ ಕನ್ನಡಿಯಂತೆ ಬಂತು. ಜೊತೆಗೇ ಯಂತ್ರದ ಫ್ಯಾನುಗಳು ಗೊರ್ರೆಂದು ಶುರು ಮಾಡಿದವು. ಸುತ್ತಿಗೆ ಬೀದಿಯಲ್ಲಿ ಪಳಗಿದ ಅವನ ಕಿವಿಗೆ ಅದು ತಾಗಲೇ ಇಲ್ಲ. ಹೆಂಡತಿ ರಿಮೋಟ್ ಹಿಡಿದು ಕೂತಳು. ಮಾತು ಬಂದಾಗ ಸದ್ದು ಏರಿಸುವಳು, ಹಾಡು ಬಂದು ಗೋಡೆ ಅದುರಿದಾಗ ಇಳಿಸುವಳು. ಚೆನ್ನಾಗಿದೆಯಾ ಎಂದು ಅವನು ಕೇಳಿದ. ಅವನ ಮುಖದ ಹಿಗ್ಗು ನೋಡಿ ಅವಳಿಗೆ ಇಲ್ಲವೆನ್ನಲು ಮನಸ್ಸು ಬರಲಿಲ್ಲ. ತುಂಬ ಚೆನ್ನಾಗಿದೆ ಎಂದಳು.

ಸ್ವಲ್ಪ ದಿನ ಹೀಗೇ ನಡೆಯಿತು. ಆಮೇಲಾಮೇಲೆ ಚಿತ್ರ ಶುರುವಾದರೆ ಅವಳಿಗೆ ಅಡುಗೆಮನೆಯಲ್ಲಿ ಏನಾದರೊಂದು ಕೆಲಸ ನೆನಪಾಗತೊಡಗಿತು. ವ್ಯಾಪಾರಿ ಒಬ್ಬನೇ ಕೂತು ನೋಡಿದ. ಇಷ್ಟು ಖರ್ಚು ಮಾಡಿದರೂ ಇವಳಿಗೆ ಬೇಡವಾಯಿತಲ್ಲ ಎಂದು ಒಳಗೊಳಗೇ ಮುನಿಸಿಕೊಂಡ. ಇನ್ನೂ ದೊಡ್ಡ ಕಾರ್ಡು ಹಾಕಿಸಿದರೆ ಬಂದು ಕೂರುತ್ತಾಳೇನೋ ಎಂದೂ ಯೋಚಿಸಿದ.

ಒಂದು ಸಂಜೆ ಚಿತ್ರದ ನಡುವೆ ಕರೆಂಟು ಹೋಯಿತು. ಯಂತ್ರ ನಿಂತಿತು, ಫ್ಯಾನುಗಳೂ ನಿಂತವು. ಮನೆ ತಣ್ಣಗಾಯಿತು. ಆ ನಿಶ್ಶಬ್ದದಲ್ಲಿ ಅಡುಗೆಮನೆಯಿಂದ ಒಂದು ಧ್ವನಿ ಕೇಳಿಸಿತು. ಅರ್ಧಕ್ಕೆ ನಿಂತ ದೃಶ್ಯದ ಮುಂದಿನ ಮಾತನ್ನು ಹೆಂಡತಿ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು: "ನೀವು ಬರುವವರೆಗೂ ನಾನು ದೀಪ ಆರಿಸುವುದಿಲ್ಲ."

ವ್ಯಾಪಾರಿ ಕೂತಲ್ಲೇ ಕೂತ. ಆ ಪಿಸುಮಾತು ಕೇಳಿ ಎಷ್ಟು ಕಾಲವಾಯಿತು ಎಂದು ಆಗ ಹೊಳೆಯಿತು. ಅವಳು ಅದನ್ನು ಬಿಟ್ಟಿರಲಿಲ್ಲ, ತನಗೇ ಕೇಳಿಸುತ್ತಿರಲಿಲ್ಲ. ಅವನಿಗೆ ದುಃಖವಾಯಿತು. ಕರೆಂಟು ಬಂತು. ಎದ್ದು ಯಂತ್ರದ ಗುಂಡಿ ಒತ್ತಿದ. ಫ್ಯಾನುಗಳು ಗೊರ್ರೆಂದವು. ಅವನು ಬಗ್ಗಿ, ಪಾತ್ರೆಗೆ ಕಿವಿಗೊಡುವಂತೆ, ಆ ತಗಡಿನ ಡಬ್ಬಕ್ಕೆ ಕಿವಿಗೊಟ್ಟ. ಜನಕ್ಕೆಲ್ಲ ಹೇಳಿದ ಪಾಠವನ್ನು ತಾನು ಮಾತ್ರ ಪಾಲಿಸಿರಲಿಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

ಮಾರನೆಯ ಬೆಳಿಗ್ಗೆ ಯಂತ್ರವನ್ನು ಹೊತ್ತುಕೊಂಡು ಕಂಪ್ಯೂಟರ್ ಅಂಗಡಿಗೆ ಹೋದ. ಎಲ್ಲಕ್ಕಿಂತ ಕಡಿಮೆ ಸದ್ದು ಮಾಡುವ ಭಾಗಗಳು ಬೇಕು ಎಂದ. ಅಂಗಡಿಯವನು ತಲೆ ಕೆರೆದುಕೊಂಡ.

"ಇವೆಲ್ಲ ಸಣ್ಣ ಮಾಲು ಯಜಮಾನ್ರೇ. ಯಾರೂ ತಿರುಗಿ ನೋಡಲ್ಲ."

"ನೋಡೋದು ಬೇಡ. ಕೇಳಿಸೋದೂ ಬೇಡ," ಎಂದ ವ್ಯಾಪಾರಿ.

ದೊಡ್ಡ ಕಾರ್ಡು, ವೇಗದ ಪ್ರೊಸೆಸರ್ ಕಡಿಮೆ ಬೆಲೆಗೆ ವಾಪಸಾದವು. ಅವನು ಕೊರಗಲಿಲ್ಲ. ಚಿತ್ರ ತೋರಿಸಲು ಸಾಕಾಗುವ, ಹೆಚ್ಚು ಬಿಸಿಯಾಗದ ಒಂದು ಪ್ರೊಸೆಸರ್ ತೆಗೆದುಕೊಂಡ. ದಪ್ಪ ಗೋಡೆಯ ಕ್ಯಾಬಿನೆಟ್ಟು ತೆಗೆದುಕೊಂಡ. ಪುಟ್ಟ ಫ್ಯಾನುಗಳ ಬದಲು ನಿಧಾನವಾಗಿ ತಿರುಗುವ ದೊಡ್ಡದೊಂದನ್ನು ಆರಿಸಿದ. ಈ ಸಲ ಅಂಗಡಿಯ ಶಟರ್ ಇಳಿಸಲು ಹೇಳಿ, ಕಣ್ಣು ಮುಚ್ಚಿ, ಒಂದೊಂದಕ್ಕೂ ಕಿವಿಗೊಟ್ಟು ಆರಿಸಿದ. ಅಂಗಡಿಯವನು ನಗು ತಡೆದುಕೊಂಡು ನಿಂತಿದ್ದ. ಕೊನೆಗೆ ಒಂದು ಜೊತೆ ಒಳ್ಳೆಯ ಸ್ಪೀಕರಿಗೂ ಹಣ ಉಳಿಯಿತು.

ಆ ಸಂಜೆ ಅದೇ ಚಿತ್ರ ಹಾಕಿದ. ಯಂತ್ರ ಚಾಲೂ ಇದೆಯೋ ಇಲ್ಲವೋ ಎಂದು ತಿಳಿಯಲು ಬಗ್ಗಿ ಅದರ ದೀಪ ನೋಡಬೇಕಾಯಿತು. ಅಡುಗೆಮನೆಯ ಕೆಲಸ ಅಲ್ಲೇ ಉಳಿಯಿತು. ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತಳು. ನಾಯಕಿ ಬಾಯಿ ತೆರೆಯುವ ಮೊದಲೇ ಆ ಮಾತು ವ್ಯಾಪಾರಿಯ ಭುಜದ ಪಕ್ಕದಲ್ಲಿ ಮೆಲ್ಲಗೆ ಕೇಳಿಸಿತು. ನೀನು ಹೇಳೋದೇ ಚೆನ್ನಾಗಿರುತ್ತೆ ಕಣೇ ಎಂದು ಅವನು ಕೊನೆಗೂ ಅವಳಿಗೆ ಹೇಳಿದ. ಇಷ್ಟು ವರ್ಷ ಬೇಕಾಯಿತಾ ಇದಕ್ಕೆ ಎಂದು ಅವಳು ನಕ್ಕಳು. ಇಬ್ಬರೂ ಸುಖವಾಗಿ ಚಿತ್ರ ನೋಡಿದರು.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಯ್ಯನಿಗೆ ಕತೆ ಹಿಡಿಸಿತ್ತು. ಅವನ ಮುಖ ಅರಳಿತ್ತು. ಆದರೆ ತಾನು ಕೇಳಿದ್ದು ವ್ರತದ ವಿಷಯ, ಯಂತ್ರದ್ದಲ್ಲ ಎಂದು ನೆನಪು ಮಾಡಿದ. ಗುರುಗಳು ಅವನನ್ನೇ ಅಕ್ಕರೆಯಿಂದ ನೋಡಿದರು.

"ನೀನು ಉಪ್ಪು ಬಿಟ್ಟಿರುವುದು ದಾಸೋಹದ ಪಂಕ್ತಿಗೆಲ್ಲ ಹೇಗೆ ಗೊತ್ತಾಯಿತು, ಮರಿ?"

ಅಂದು ಸೋಮವಾರವಲ್ಲ. ಆದರೂ ಮುರಿಗೆಯ್ಯ ಮಾತಾಡಲಿಲ್ಲ.