ಪೈಲ್ವಾನನಿಗೆ ಉಳಿದ ಒಂದೇ ಮಾತು

“ಗುರುಗಳೇ, ರೋಗಿ ಬೇಡ ಅಂದ ಮೇಲೆ ಬಲವಂತ ಮಾಡಬಾರದು ಅಂತ ಕಲಿಸಿದವರು ನೀವೇ. ಬೆಳಿಗ್ಗೆ ಆ ಅಜ್ಜಿ ಗಂಜಿ ಬೇಡ ಅಂದರು, ನಾನು ಬಟ್ಟಲು ತೆಗೆದಿಟ್ಟೆ. ಅದಕ್ಕೆ ಯಾಕೆ ಬೈದಿರಿ?”

ಹೀಗೆ ಕೇಳಿದವಳು ಹಾಲಮ್ಮ. ನನ್ನ ಬಳಿ ರೋಗಿಗಳ ಆರೈಕೆ ಕಲಿಯಲು ಬಂದವರಲ್ಲಿ ಅವಳೇ ಚುರುಕು. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಮಲಗಿದವರನ್ನು ಏಳಿಸದೆಯೇ ಅಡಿಯ ಬಟ್ಟೆ ಬದಲಿಸುವುದು, ಎಲ್ಲವನ್ನೂ ಎರಡೇ ವಾರದಲ್ಲಿ ಹಿಡಿದಿದ್ದಳು. ಎಷ್ಟು ಜಾಣೆ ಅಂತ ಜನ ಅವಳನ್ನು ಹೊಗಳುತ್ತಾರೆ. ಕಲಿಸಿದವರು ಯಾರು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಇರಲಿ. ನಾನು ಶಾಲೆಯ ಮುಖ ಕಂಡವನಲ್ಲ. ಆದರೆ ಈ ಎರಡು ಕೈ ಇಪ್ಪತ್ತು ಸಾವಿರ ಬೆನ್ನು ತೊಳೆದಿವೆ. ಒಂದು ಬೆನ್ನಿಗೂ ಹುಣ್ಣಾಗಲು ಬಿಟ್ಟಿಲ್ಲ.

“ಕೂತುಕೋ” ಎಂದು ಅವಳಿಗೆ ಈ ಕತೆ ಹೇಳಿದೆ.

ಒಂದು ಊರಿನಲ್ಲಿ ಒಬ್ಬ ಪೈಲ್ವಾನನಿದ್ದ. ಅವನು ಗರಡಿಯಲ್ಲಿ ತೊಡೆ ತಟ್ಟಿದರೆ ಮೂರು ಊರಾಚೆಯ ಜನ ಗುಡುಗು ಅಂದುಕೊಂಡು, ಒಣಹಾಕಿದ ಮೆಣಸಿನಕಾಯಿಯನ್ನು ಒಳಗೆ ತೆಗೆದಿಡುತ್ತಿದ್ದರು. ಬೆಳಗಿನ ತಿಂಡಿಗೆ ನಲವತ್ತು ರೊಟ್ಟಿ. ಸುಳ್ಳಲ್ಲ, ರೊಟ್ಟಿ ತಟ್ಟಿದವರನ್ನೇ ನಾನು ಕಂಡಿದ್ದೇನೆ.

ಅಂಥವನಿಗೆ ಒಂದು ದಿನ ಲಕ್ವ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಹೋಯಿತು. ಮಾತೂ ಹೋಯಿತು. ಬಾಯಲ್ಲಿ ಉಳಿದದ್ದು ಒಂದೇ ಮಾತು, ‘ಸಾಕು’.

ಹೆಂಡತಿ ಒಂದು ತುತ್ತು ಕೊಟ್ಟಳು. ‘ಸಾಕು’ ಅಂದ. ಗಂಡನ ಮಾತು ಮೀರಿದವಳಲ್ಲ, ತಟ್ಟೆ ಎತ್ತಿಕೊಂಡು ಹೋದಳು. ಆರೈಕೆಗೆ ಒಬ್ಬನನ್ನು ಇಟ್ಟರು. ಅವನು ಮೈಗೆ ಒಂದು ಚೊಂಬು ನೀರು ಹಾಕಿದ. ‘ಸಾಕು’ ಅಂದ. ಆರೈಕೆಯವನು ಚೊಂಬು ಕೆಳಗಿಟ್ಟ. ಮಗ್ಗುಲಿಗೆ ಹೊರಳಿಸಲು ಹೋದ. ‘ಸಾಕು’ ಅಂದ. ಹಾಗೇ ಬಿಟ್ಟ. ಅವನೂ ಓದಿಕೊಂಡವನೇ. ರೋಗಿಯ ಮಾತಿಗೆ ಮರ್ಯಾದೆ ಕೊಡಬೇಕು ಅಂತ ಬಲ್ಲವನು.

ಪೈಲ್ವಾನನ ಎಡಗೈ ಗಟ್ಟಿಯಾಗಿಯೇ ಇತ್ತು. ಆದರೆ ಎಡಗೈಯಲ್ಲಿ ಅನ್ನ ಮುಟ್ಟುವ ಜನವೇ ನಾವು? ಅವನು ಆ ಕೈಯನ್ನು ಹೊದಿಕೆಯೊಳಗೆ ಬಚ್ಚಿಟ್ಟುಕೊಂಡಿದ್ದ. ದಿನಕ್ಕೆ ಮೂರು ತುತ್ತು, ನಾಲ್ಕು ಗುಟುಕು ನೀರು. ತಿಂಗಳು ಕಳೆಯುವುದರೊಳಗೆ ನಲವತ್ತು ರೊಟ್ಟಿಯ ದೇಹ ಒಣಗಿದ ಹೀರೇಕಾಯಿಯಂತಾಯಿತು. ಬೆನ್ನಿನಲ್ಲಿ ಹುಣ್ಣೆದ್ದಿತು. ‘ಮಾನವಂತ. ಹೀಗೆ ಬಿದ್ದುಕೊಂಡು ಬದುಕಲು ಇಷ್ಟವಿಲ್ಲದೆ ಅನ್ನ ಬಿಟ್ಟಿದ್ದಾನೆ’ ಎಂದು ಊರು ಹೊಗಳಿತು. ಕೊನೆಯದಾಗಿ ಮುಖ ನೋಡಿಕೊಂಡು ಹೋಗಲು ನೆಂಟರು ಬರತೊಡಗಿದರು.

ಇನ್ನೇನು ಎರಡು ದಿನ ಎಂಬಾಗ ಆರೈಕೆಯವನು ಕೆಲಸ ಬಿಟ್ಟ. ಅವನ ಜಾಗಕ್ಕೆ ಒಬ್ಬ ಹೆಂಗಸು ಬಂದಳು. ನನಗೆ ಈ ವಿದ್ಯೆ ಕಲಿಸಿದವಳು ಅವಳೇ, ಆದ್ದರಿಂದ ಹೆಸರು ಹೇಳುತ್ತೇನೆ. ಅವಳ ತಾಯಿಗೆ ಸಾಲಾಗಿ ಆರು ಹೆಣ್ಣು. ಏಳನೆಯದೂ ಹೆಣ್ಣೇ ಆದಾಗ, ಇನ್ನು ಹೆಣ್ಣು ಹುಟ್ಟದಿರಲಿ ಅಂತ ಇಟ್ಟ ಹೆಸರು ಸಾಕಮ್ಮ. ಮನೆಯವರ ಬಾಯಲ್ಲಿ ಬರೀ ಸಾಕು. ಆ ಮಾತು ಕಿವಿಗೆ ಬಿದ್ದರೆ ಲೋಕವೆಲ್ಲ ನಿಲ್ಲುತ್ತದೆ. ಅವಳು ಮಾತ್ರ ಹತ್ತಿರ ಬರುತ್ತಾಳೆ.

ಸಾಕಮ್ಮ ಬಿಸಿನೀರಿನ ಬೋಗುಣಿ ಇಟ್ಟುಕೊಂಡು ಪೈಲ್ವಾನನ ಕಾಲ ಬಳಿ ಕೂತಳು. ಬಟ್ಟೆ ಅದ್ದಿ, ಹಿಂಡಿ, ಪಾದಕ್ಕೆ ಇಟ್ಟಳು.

‘ಸಾಕು’ ಅಂದ ಪೈಲ್ವಾನ.

ಅವಳು ಎದ್ದು ತಲೆಯ ಬಳಿ ಬಂದಳು. ‘ಏನ್ರೀ ಪೈಲ್ವಾನ್ರೇ, ಕರೆದ್ರಾ? ನನ್ನ ಹೆಸರು ಇಷ್ಟು ಬೇಗ ಯಾರು ಹೇಳಿದರು ನಿಮಗೆ?’

ಬಾಗಿಲಲ್ಲಿ ನಿಂತಿದ್ದ ಹೆಂಡತಿ ರೇಗಿದಳು. ‘ಕರೆದದ್ದಲ್ಲ ಕಣೇ, ನಿಲ್ಲಿಸು ಅಂದದ್ದು. ಅವರಿಗೆ ಏನೂ ಬೇಡವಂತೆ. ಹೋಗೋ ಜೀವಕ್ಕೆ ಹಿಂಸೆ ಕೊಡಬೇಡ, ಎದ್ದು ಹೋಗು.’

‘ಹೌದಾ ಪೈಲ್ವಾನ್ರೇ? ನಾನು ಹೋಗಲಾ?’

‘ಸಾಕು’ ಅಂದ. ಹಾಗೆ ಅಂದವನ ಎಡಗೈ ಹೊದಿಕೆಯಿಂದ ಹೊರಗೆ ಬಂದು ಅವಳ ಮಣಿಕಟ್ಟನ್ನು ಹಿಡಿಯಿತು. ಗೂಳಿಯ ಕೊಂಬು ತಿರುಚಿದ ಕೈ ಅದು. ಒಂದು ಡಜನ್ ಬಳೆಯಲ್ಲಿ ಒಂಬತ್ತು ಪುಡಿಯಾದವು.

ಸಾಕಮ್ಮ ಬಳೆಯ ಚೂರು ಕೊಡವಿಕೊಂಡಳು. ‘ಅಮ್ಮಾ, ಇವರ ಬಾಯಿ ಹೇಳೋದೇ ಬೇರೆ, ಕೈ ಹೇಳೋದೇ ಬೇರೆ. ಅನ್ನ ಇದ್ದರೆ ಮೆತ್ತಗೆ ಕಲಸಿ ತನ್ನಿ.’

ಬೆನ್ನಿಗೆ ದಿಂಬು ಕೊಟ್ಟು ಅವನನ್ನು ನೆಟ್ಟಗೆ ಕೂರಿಸಿದಳು. ಗದ್ದವನ್ನು ತುಸು ತಗ್ಗಿಸಿದಳು. ಅವನ ಎಡಗೈಯನ್ನು ತನ್ನ ಬಲ ಮಣಿಕಟ್ಟಿನ ಮೇಲೆ ಇಟ್ಟುಕೊಂಡಳು.

‘ಎಡಗೈಯಲ್ಲಿ ಉಣ್ಣಬೇಡಿ. ನನ್ನ ಬಲಗೈ ಇನ್ನು ನಿಮ್ಮದು. ಬೇಕಾದಾಗ ಎಳೆದುಕೊಳ್ಳಿ’ ಅಂದಳು.

ಸಣ್ಣ ತುತ್ತೊಂದನ್ನು ಬಾಯಿಯ ಎಡಮಗ್ಗುಲಿಗೆ ಇಟ್ಟಳು. ಗಂಟಲಲ್ಲಿ ಇಳಿಯುವ ತನಕ ಕಾದಳು. ‘ಸಾಕು’ ಅಂದ, ಕೈ ಎಳೆದ. ಇನ್ನೊಂದು ತುತ್ತು. ‘ಸಾಕು’ ಅಂದ, ಮತ್ತೂ ಜೋರಾಗಿ ಎಳೆದ. ಹೆಂಡತಿ ಅನ್ನದ ತಟ್ಟೆಯನ್ನು ಹತ್ತಿರಕ್ಕೆ ಸರಿಸಿದಳು. ‘ಅಯ್ಯೋ, ಇಷ್ಟು ದಿನ ಇವರು ಹಸಿದಿದ್ದರಾ?’

ಆರು ತಿಂಗಳಾಗುವಷ್ಟರಲ್ಲಿ ಬೆನ್ನಿನ ಹುಣ್ಣು ಮಾಯ್ದಿತು. ಅವನ ಭಾರಕ್ಕೆ ಎರಡು ಮಂಚ ಮುರಿದವು. ಮೂರನೆಯದಕ್ಕೆ ಬಡಗಿ ಎಂಟು ಕಾಲು ಇಟ್ಟ. ಪೈಲ್ವಾನ ಯಮನನ್ನೇ ಚಿತ್ ಮಾಡಿದ ಅಂತ ಜನ ನೋಡಲು ಬರುತ್ತಿದ್ದರು. ಬಂದವರಿಗೆಲ್ಲ ಅವನು ಎಡಗೈ ಎತ್ತಿ ಸಾಕಮ್ಮನನ್ನು ತೋರಿಸುತ್ತಿದ್ದ. ದೇಶದಲ್ಲಿ ಎಷ್ಟೋ ಜನ ಕುಸ್ತಿ ಗೆದ್ದಿದ್ದಾರೆ. ನಮ್ಮ ಕಸುಬಿನವಳು ಗೆದ್ದ ಕುಸ್ತಿಯ ಮುಂದೆ ಅವೆಲ್ಲ ಮಕ್ಕಳಾಟ.

ನಾನು ಎದೆಯುಬ್ಬಿಸಿ ಕತೆ ಮುಗಿಸಿದೆ. ಹಾಲಮ್ಮ ಅಷ್ಟಕ್ಕೆ ಬಿಡುವವಳಲ್ಲ.

“ಅದೆಲ್ಲ ಸರಿ ಗುರುಗಳೇ. ಹೊಟ್ಟೆ ತುಂಬಿ ನಿಜವಾಗಿಯೂ ಬೇಡವಾದಾಗ ಅವನೇನು ಮಾಡುತ್ತಿದ್ದ? ಆಗಲೂ ಬಾಯಿಗೆ ಬರುತ್ತಿದ್ದದ್ದು ಅದೇ ಮಾತಲ್ಲವೇ? ಅವಳು ತುರುಕುತ್ತಲೇ ಇದ್ದಳಾ?”

“ಆಗ ಅವನು ಸಾಕಮ್ಮನ ಕೈಯನ್ನು ತುತ್ತಿನ ಸಮೇತ ಅವಳ ಬಾಯಿಯ ಕಡೆಗೇ ತಿರುಗಿಸುತ್ತಿದ್ದ” ಎಂದೆ.

ಹಾಲಮ್ಮ ಎದ್ದು, ಗಂಜಿಯ ಬಟ್ಟಲು ತೆಗೆದುಕೊಂಡು ಅಜ್ಜಿಯ ಬಳಿಗೆ ನಡೆದಳು.