ಅಜ್ಜನಿಗಿಟ್ಟ ಕುಡಿಕೆ

ಮರಿಮಾದಯ್ಯನೆಂಬ ಗೃಹಸ್ಥ ಶಿಷ್ಯನು ಗುರುಗಳ ಬಳಿ ಬಂದು, ನಮಸ್ಕರಿಸಿ ಕೇಳಿದನು:

"ಬುದ್ಧಿ, ನನ್ನ ಮಗನಿಗೆ ಈಗ ಮೀಸೆ ಮೂಡುವ ವಯಸ್ಸು. ಅಂಗಿ ಒಗೆಯುವಾಗ ಅವನ ತಾಯಿಗೆ ಗಾಂಜಾದ ವಾಸನೆ ಬಂತಂತೆ. ನನಗೆ ಬಂದು ಹೇಳಿದಳು. ಕೇಳೋಣವೆಂದರೆ ಅವನು ಇಲ್ಲ ಅಂದಾನು. ಈವರೆಗೆ ನನ್ನೆದುರು ಒಂದು ಸುಳ್ಳೂ ಆಡದ ಹುಡುಗ. ನಾನೇ ಕೇಳಿ ಅವನ ಬಾಯಲ್ಲಿ ಸುಳ್ಳು ಹೇಳಿಸುವುದಕ್ಕಿಂತ, ತಾನಾಗಿ ಬಿಟ್ಟಾನು ಎಂದು ಸುಮ್ಮನಿರುವುದು ಲೇಸಲ್ಲವೇ?"

ಗುರುಗಳು "ಕೂತುಕೋ" ಎಂದು ಹೇಳಿ ಈ ಕತೆಯನ್ನು ಹೇಳಿದರು.

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ಮನೆಯಲ್ಲಿ ಅವನ ತಾಯಿ, ಹೆಂಡತಿ, ಒಬ್ಬನೇ ಮಗ. ಕುಂಬಾರನ ತಂದೆ ತೀರಿಕೊಂಡು ವರ್ಷ ತುಂಬಿತ್ತು. ಆ ತಂದೆಗೆ ಸಾರಾಯಿ ಎಂದರೆ ಪ್ರಾಣ.

ಆ ಸೀಮೆಯಲ್ಲಿ ಒಂದು ವಾಡಿಕೆ. ಮಹಾಲಯ ಅಮಾವಾಸ್ಯೆಯ ದಿನ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಬದುಕಿದ್ದಾಗ ಅವರಿಗೆ ಯಾವುದು ಇಷ್ಟವೋ ಅದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ, ಊದುಬತ್ತಿ ಹಚ್ಚಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದು ನಿಲ್ಲುತ್ತಾರೆ. ಹಿರಿಯರು ಬಂದು ಉಂಡು ಹೋಗುವ ತನಕ ಒಳಗೆ ಯಾರೂ ಇಣುಕಬಾರದು. ಕಡ್ಡಿ ಉರಿದು ಮುಗಿಯುವಷ್ಟು ಹೊತ್ತು ಕಾದು, ಆಮೇಲೆ ಮನೆಯ ಯಜಮಾನ ಬಾಗಿಲು ತೆಗೆಯುತ್ತಾನೆ.

ಕುಂಬಾರನೂ ಹಾಗೇ ಮಾಡಿದ. ಹೊಸ ಕುಡಿಕೆಯೊಂದರಲ್ಲಿ ಸಾರಾಯಿ ತುಂಬಿ ಎಲೆಯ ಬದಿಗಿಟ್ಟ. ಬಾಗಿಲು ತೆಗೆದು ನೋಡಿದರೆ ಅನ್ನ ಇದ್ದ ಹಾಗೇ ಇದೆ. ಸಾರಾಯಿ ಅರ್ಧಕ್ಕೆ ಇಳಿದಿದೆ.

"ಬಂದಿದ್ದರು ಕಣೋ ನಿಮ್ಮಪ್ಪ!" ಎಂದು ಮುದುಕಿ ಕೈ ಮುಗಿದು ಅತ್ತಳು.

ಸುಟ್ಟ ಕುಡಿಕೆ ಎಷ್ಟು ಹೀರುತ್ತದೆ ಎಂಬುದು ಕುಂಬಾರನಿಗೆ ತಿಳಿಯದೇ? ಅಷ್ಟು ಹೊತ್ತಿನಲ್ಲಿ ಅದರ ಮೈ ತೇವವಾಗಬಹುದು, ಅರ್ಧ ಇಳಿಯದು. ಹಿತ್ತಿಲ ಬಾಗಿಲಿನ ಚಿಲಕ ತೆಗೆದಿತ್ತು. ಹೊರಗೆ ನಿಂತವರಲ್ಲಿ ಮಗ ಇರಲಿಲ್ಲವೆಂಬುದೂ ಅವನಿಗೆ ಆಗ ಹೊಳೆಯಿತು. ಆದರೆ ತಾಯಿಯ ಮುಖದಲ್ಲಿ ಬಹಳ ದಿನದ ಮೇಲೆ ಗೆಲುವಿತ್ತು. ಅವನು ಏನೂ ಅನ್ನಲಿಲ್ಲ.

ಅಜ್ಜ ತಾನೇ ಬರುತ್ತಾನೆಂದ ಮೇಲೆ ವರ್ಷಕ್ಕೊಂದು ಸಲ ಸಾಕೇ? ಮುದುಕಿ ಪ್ರತಿ ಅಮಾವಾಸ್ಯೆಗೂ ಎಡೆ ಇಡಿಸಿದಳು. ಪ್ರತಿ ಅಮಾವಾಸ್ಯೆಗೂ ಕುಡಿಕೆ ಬರಿದಾಯಿತು. ಸುದ್ದಿ ಊರಿಗೆ ಹಬ್ಬಿತು. ಹೊತ್ತಿಳಿಯುವ ವೇಳೆಗೆ ನೆಂಟರು, ನೆರೆಯವರು ಅಂಗಳಕ್ಕೆ ಬಂದು ನಿಲ್ಲತೊಡಗಿದರು. ಮುಚ್ಚಿದ ಬಾಗಿಲ ಹಿಂದೆ ಕುಡಿಕೆ ನೆಲಕ್ಕೆ ತಾಗಿದ ಸದ್ದಾದರೆ ಹೆಂಗಸರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಳ್ಳುವರು.

"ನಮ್ಮಪ್ಪನೂ ಕುಡಿಯುತ್ತಿದ್ದ, ಸತ್ತ ಮೇಲಾದರೂ ಬಿಟ್ಟ" ಎಂದು ನೆರೆಮನೆಯವನೊಬ್ಬ ಅಂದ. "ನಿಮ್ಮಪ್ಪನಿಗೆ ಸತ್ತರೂ ಚಟ ಬಿಡಲಿಲ್ಲವಲ್ಲಯ್ಯಾ!"

ಎಲ್ಲರೂ ನಕ್ಕರು. ಕುಂಬಾರನೂ ನಕ್ಕ.

ಎಡೆ ಇಡುವ ಮೊದಲು ಈಗ ಅವನೇ ಹಿತ್ತಿಲಿಗೆ ಹೋಗಿ ನೋಡುತ್ತಿದ್ದ. ಚಿಲಕ ಹಾಕಿದ್ದರೆ ತೆಗೆಯುತ್ತಿದ್ದ. ಹಾಕಿಯೇ ಬಿಟ್ಟರೆ ಕುಡಿಕೆ ತುಂಬಿ ಉಳಿಯುತ್ತದೆ. ಆಗ ತಾಯಿಗೆ ಏನು ಹೇಳುವುದು, ಅಂಗಳದಲ್ಲಿ ನಿಂತವರಿಗೆ ಏನು ಹೇಳುವುದು?

ಹೆಂಡತಿಗೂ ಮಗನ ಬಾಯಿಯ ವಾಸನೆ ತಿಳಿದಿತ್ತು. ಗಂಡ ಹೊಡೆದಾನೆಂದು ಅವಳು ಹೇಳಲಿಲ್ಲ. ಅವಳು ಎದೆ ಒಡೆದುಕೊಂಡಾಳೆಂದು ಅವನು ಹೇಳಲಿಲ್ಲ. ಮಗನ ಊಟ ಕಡಿಮೆಯಾಯಿತೆಂದು ಮಾತ್ರ ಇಬ್ಬರೂ ಆಡಿಕೊಂಡರು. ಒಂದು ಅಮಾವಾಸ್ಯೆಗೂ ಇನ್ನೊಂದಕ್ಕೂ ನಡುವಿನ ದಿನಗಳಲ್ಲಿ ಅವನು ಎಲ್ಲಿಗೆ ಹೋಗಿ ಬರುತ್ತಾನೆಂದು ಯಾರೂ ಕೇಳಲಿಲ್ಲ. ಅವನ ಕೆನ್ನೆ ಒಳಕ್ಕೆ ಹೋಯಿತು. ಬೆಳಗಾದರೆ ಬೆರಳು ನಡುಗತೊಡಗಿದವು. ಮುದುಕಿ ಆ ಕೈ ಹಿಡಿದು, "ಥೇಟ್ ಅವರಜ್ಜನ ಕೈ" ಎಂದು ಹಿಗ್ಗಿದಳು.

ಇಲ್ಲಿ ಮರಿಮಾದಯ್ಯ ತಡೆಯಲಾರದೆ, "ಆ ತಾಯಿಯಾದರೂ ಒಂದು ಮಾತು ಹೇಳಬಹುದಿತ್ತು ಬುದ್ಧಿ" ಎಂದನು.

"ನಿನ್ನ ಮನೆಯಾಕೆ ಹೇಳಿದ್ದಾಳೆ. ಅಷ್ಟರಮಟ್ಟಿಗೆ ನಿನ್ನ ಮನೆ ಮೇಲು" ಎಂದು ಗುರುಗಳು ಮುಂದುವರಿಸಿದರು.

ಒಂದು ದಿನ ಕುಂಬಾರ ತಿಗರಿಯ ಚಕ್ರದ ಮುಂದೆ ಕೂತು ಮಡಕೆ ಮಾಡುತ್ತಿದ್ದ. ಮಗ ಬಂದು ಎದುರು ನಿಂತ.

"ಅಪ್ಪಾ, ಅಜ್ಜ ನಿಜವಾಗಿ ಬರ್ತಾರಾ?"

ತಂದೆ ತಲೆ ಎತ್ತಿದ. ಮಗನ ಕಣ್ಣು ಅವನ ಮುಖದ ಮೇಲೇ ಇತ್ತು.

"ಬರ್ತಾರೆ."

"ನೀನು ಅದನ್ನ ನಂಬ್ತೀಯಾ?"

"ನಂಬದೆ ಏನು? ಹೋಗು, ಮಣ್ಣು ತುಳಿ."

ಮಗ ಅಲ್ಲೇ ನಿಂತಿದ್ದ. ಇನ್ನೇನೋ ಹೇಳುವವನಂತೆ ಬಾಯಿ ತೆರೆದ. ತಂದೆ ತಿಗರಿ ತಿರುಗಿಸಿದ. ಮಗ ಹೋಗಿ ಮಣ್ಣು ತುಳಿದ.

ಮತ್ತೆ ಮಹಾಲಯ ಬಂತು. ಅಂಗಳದ ತುಂಬ ಜನ. ಬಾಗಿಲು ಮುಚ್ಚಿ ಎಲ್ಲರೂ ಕಾದರು. ಒಳಗೆ ಸದ್ದಾಯಿತು. ಎಡೆಗೆ ಇಟ್ಟದ್ದು ಒಂದೇ ಕುಡಿಕೆ. ಬಗ್ಗಿಸಿಕೊಳ್ಳುವ ಸದ್ದು ಮಾತ್ರ ಮತ್ತೆ ಮತ್ತೆ ಬಂತು. ಆಮೇಲೆ ಏನೋ ಭಾರವಾದದ್ದು ನೆಲಕ್ಕೆ ಬಿತ್ತು. ಗಂಟಲು ಕಟ್ಟಿದವರು ಎಳೆಯುವಂಥ ಉಸಿರು ಕೇಳಿಸಿತು.

"ಇವತ್ತು ಬಲು ಸಂತೋಷವಾಗಿದ್ದಾರೆ" ಎಂದು ಮುದುಕಿ ಬಾಗಿಲಿಗೆ ಕೈ ಮುಗಿದಳು.

ಹೆಂಡತಿ ಗಂಡನ ತೋಳು ಹಿಡಿದು, "ಬಾಗಿಲು ತೆಗೀರಿ" ಎಂದಳು.

"ಜನ ಹೋಗಲಿ, ತಡಿ."

ಕಡ್ಡಿ ಉರಿದು ಮುಗಿದಿತ್ತು. ಬಾಗಿಲು ತೆಗೆದರೆ ಮಗ ಬಿದ್ದಿರುವುದು ಎಲ್ಲರ ಕಣ್ಣಿಗೆ ಬೀಳುತ್ತದೆ. ಹಿತ್ತಿಲಿನಿಂದ ಹೋದರೂ ಜನ ಹಿಂದೆಯೇ ಬರುತ್ತಾರೆ. ಕುಂಬಾರ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, "ಹಿರಿಯರು ಎಲೆ ಬಿಟ್ಟು ಇನ್ನೂ ಎದ್ದಿಲ್ಲ" ಎಂದು ಜನಕ್ಕೆ ಹೇಳಿದ. ಜನ ಹೆದರಿ, ಭಕ್ತಿಯಿಂದ ತಲೆ ಬಾಗಿ, ಒಬ್ಬೊಬ್ಬರಾಗಿ ಚದುರಿದರು. ಅಂಗಳ ಬರಿದಾಗುವ ಹೊತ್ತಿಗೆ ಒಳಗಿನ ಉಸಿರೂ ನಿಂತಿತ್ತು.

ಮಗ ಎಲೆಯ ಮುಂದೆ ಅಂಗಾತ ಬಿದ್ದಿದ್ದ, ಪಕ್ಕದಲ್ಲಿ ಅವನೇ ಹೊರಗಿನಿಂದ ತಂದ ಸೀಸೆ ಬರಿದಾಗಿ ಉರುಳಿತ್ತು. ವಾಂತಿ ಗಂಟಲಿಗೆ ಸಿಕ್ಕಿತ್ತು. ಮೈ ಇನ್ನೂ ಬೆಚ್ಚಗಿತ್ತು.

ಮರುವರ್ಷ ಎರಡು ಎಲೆ ಹಾಕಿದರು. ಮಗನ ಎಲೆಯ ಬದಿಗೆ ಕುಡಿಕೆ ಇಡಬೇಕೋ ಬೇಡವೋ ಎಂದು ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಗಂಡ ಇಟ್ಟ. ಬಾಗಿಲು ಮುಚ್ಚಿ ಹೊರಗೆ ನಿಂತರು. ಒಳಗೆ ಸದ್ದಿಲ್ಲ. ತೆಗೆದು ನೋಡಿದರೆ ಎರಡು ಕುಡಿಕೆಯೂ ಕಂಠದವರೆಗೆ ತುಂಬಿದ್ದವು.

ಕುಂಬಾರ ಮಗನ ಎಲೆಯ ಮುಂದೆ ಕೂತ. "ಯಾವಾಗಿನಿಂದ ಮಗಾ? ಮೊದಲು ಯಾರು ಕೊಟ್ಟರು? ಯಾಕೆ ಬೇಕಾಯಿತು ನಿನಗೆ?" ಎಂದು ಕೇಳಿದ. ಬಯ್ಯಲಿಲ್ಲ, ದನಿ ಏರಿಸಲಿಲ್ಲ. ಹೇಗೆ ಕೇಳಬೇಕೋ ಹಾಗೆಯೇ ಕೇಳಿದ. ದೀಪದ ಎಣ್ಣೆ ತೀರುವವರೆಗೂ ಕೇಳುತ್ತಲೇ ಇದ್ದ.

ಗುರುಗಳು ಕತೆ ನಿಲ್ಲಿಸಿದರು. ಮರಿಮಾದಯ್ಯ ಮೆಲ್ಲಗೆ ಕೇಳಿದನು:

"ಬುದ್ಧಿ, ಅವತ್ತು ತಿಗರಿಯ ಮುಂದೆಯೇ ಕೇಳಿಬಿಟ್ಟಿದ್ದರೆ, ಆ ಹುಡುಗ ನಿಜ ಹೇಳುತ್ತಿದ್ದನೇ?"

"ಸುಳ್ಳೇ ಹೇಳುತ್ತಿದ್ದನೇನೋ, ಸುಳ್ಳು ಹೇಳುವುದಕ್ಕೂ ಮಗ ಬದುಕಿರಬೇಕಲ್ಲಪ್ಪಾ" ಎಂದರು ಗುರುಗಳು.