ನೆಲಸಂಪಿಗೆಯ ಪಾತಿ

"ಹಿರಿಯರ ಆಜ್ಞೆ ತಪ್ಪೆಂದು ಗೊತ್ತಾದಾಗ ಅದನ್ನು ಮೀರಬಹುದೇ ಗುರುಗಳೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಮುಖ ನೋಡಿದರು. ಆಮೇಲೆ ಹೇಳತೊಡಗಿದರು.

ಒಬ್ಬ ವರ್ತಕನ ಹೆಂಡತಿ ಚೈತ್ರದಲ್ಲಿ ತೀರಿಕೊಂಡಳು. ಹಿತ್ತಲಿನಲ್ಲಿ ಅವಳು ಬೆಳೆಸಿದ ನೆಲಸಂಪಿಗೆಯ ಪಾತಿ ಇತ್ತು. ವರ್ಷಾಂತಿಕದ ದಿನ ಆ ಪಾತಿಯ ಹೂವನ್ನೇ ಅವಳಿಗೆ ಅರ್ಪಿಸಬೇಕೆಂದು ವರ್ತಕ ನಿಶ್ಚಯಿಸಿದ. ಪಾತಿಯನ್ನು ತೋಟಗಾರನಿಗೆ ಒಪ್ಪಿಸಿದ. ಹೂ ಬಾರದಿದ್ದರೆ ಕೆಲಸವೂ ಇಲ್ಲ, ಇರಲು ಕೊಟ್ಟ ಗುಡಿಸಲೂ ಇಲ್ಲ ಎಂದ.

ನೆಲಸಂಪಿಗೆಯ ರೀತಿ ಬೇರೆ. ವಸಂತದಲ್ಲಿ ಬರಿ ಮಣ್ಣಿನಿಂದ ಮೊದಲು ಹೂ ಬರುತ್ತದೆ, ಎಲೆ ಆಮೇಲೆ. ಕಾರ್ತೀಕದ ಹೊತ್ತಿಗೆ ಎಲೆ ಒಣಗಿ ಬೀಳುತ್ತದೆ. ಅಲ್ಲಿಂದ ಮುಂದೆ ಗೆಡ್ಡೆ ಮಣ್ಣಿನೊಳಗೆ ಮಲಗಿರುತ್ತದೆ. ಆಗ ನೀರು ಬಿದ್ದರೆ ಕೊಳೆಯುತ್ತದೆ. ತೋಟಗಾರನಿಗೆ ಇದು ಗೊತ್ತಿತ್ತು. ವರ್ತಕನಿಗೆ ಗೊತ್ತಿರಲಿಲ್ಲ. ಅವನು ದಿನಾ ಬೆಳಗ್ಗೆ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಬಂದು, ಪಾತಿಗೆ ಒಂದು ಕೊಡ ನೀರು ಸುರಿಯುತ್ತಿದ್ದ. ಎಲೆ ಒಣಗಿದ ಮೇಲೂ ಬಿಡಲಿಲ್ಲ.

"ಇನ್ನು ನೀರು ಬೇಡ ಧಣಿ" ಎಂದ ತೋಟಗಾರ.

"ಅವಳು ಹಾಕುತ್ತಿದ್ದಳು. ನಾನು ಕಣ್ಣಾರೆ ಕಂಡಿದ್ದೇನೆ."

"ಎಲೆ ಒಣಗಿದ ಮೇಲೆ ಅಮ್ಮನವರು ಹಾಕುತ್ತಿರಲಿಲ್ಲ."

ವರ್ತಕ ಕೊಡ ಕೆಳಗಿಟ್ಟ. "ನನ್ನ ಹೆಂಡತಿ ಏನು ಮಾಡುತ್ತಿದ್ದಳೆಂದು ನನಗೆ ನೀನು ಹೇಳಿಕೊಡುತ್ತೀಯಾ? ಇನ್ನೊಮ್ಮೆ ಈ ಮಾತು ಎತ್ತಬೇಡ. ಪಾತಿಗೆ ಕೈಯನ್ನೂ ಹಚ್ಚಬೇಡ."

ತೋಟಗಾರ ಹತ್ತು ದಿನ ತಡೆದ. ಹನ್ನೊಂದನೆಯ ದಿನ, ವರ್ತಕ ಅಂಗಡಿಗೆ ಹೋದಾಗ, ಪಾತಿಯ ಅಂಚನ್ನು ಬೆರಳಿನಿಂದ ಕೆದಕಿದ. ಮೊದಲ ಗೆಡ್ಡೆ ಕೈಯಲ್ಲೇ ಕಲಸಿಹೋಯಿತು. ನಾತ ಬಂತು. ಎರಡನೆಯದೂ ಹಾಗೆಯೇ. ಮೂರನೆಯದು ಗಟ್ಟಿಯಾಗಿತ್ತು.

ಅವನು ಯೋಚಿಸುತ್ತ ಕೂರಲಿಲ್ಲ. ಗಟ್ಟಿಯಿದ್ದುದನ್ನೆಲ್ಲ ಕಿತ್ತು ಬುಟ್ಟಿಗೆ ಹಾಕಿದ. ಮೇಲೆ ತರಗೆಲೆ ಮುಚ್ಚಿದ. ಮಣ್ಣನ್ನು ಮೊದಲಿನಂತೆ ತಟ್ಟಿ ಸಮ ಮಾಡಿದ. ಬಾಗಿಲಲ್ಲಿ ಕಾವಲಿನವನು ತಡೆದ.

"ಏನಯ್ಯಾ ಅದು?"

"ಕಸ."

"ಕಸಕ್ಕೆ ಇಷ್ಟು ಜೋಪಾನವೇ? ಬಾಣಂತಿಯ ಕೂಸನ್ನು ಎತ್ತಿಕೊಂಡವನ ಹಾಗೆ ನಡೆಯುತ್ತಿದ್ದೀಯಲ್ಲ" ಎಂದು ಕಾವಲಿನವನು ನಕ್ಕ. ತೋಟಗಾರನೂ ನಕ್ಕ. ನಗುತ್ತಲೇ ಬಾಗಿಲು ದಾಟಿದ.

ಗುಡಿಸಲಿನಲ್ಲಿ ಗೆಡ್ಡೆಗಳನ್ನು ಒಣಮರಳಿನಲ್ಲಿ ಹುಗಿದಿಟ್ಟ. ಶಿವರಾತ್ರಿ ಕಳೆದ ಮೇಲೆ, ಯಾರೂ ಇಲ್ಲದ ಒಂದು ಮಧ್ಯಾಹ್ನ ಮತ್ತೆ ನೆಟ್ಟುಬಿಟ್ಟರೆ ಆಯಿತು ಎಂದು ಅವನ ಲೆಕ್ಕಾಚಾರ. ಅಲ್ಲಿಯವರೆಗೆ ವರ್ತಕ ದಿನಾ ಬಂದು ಬರಿ ಮಣ್ಣಿಗೆ ನೀರು ಸುರಿದ. ಸುರಿಯುವಾಗ ಹೆಂಡತಿಯೊಡನೆ ಏನೋ ಮಾತಾಡುತ್ತಿದ್ದ. ತೋಟಗಾರ ಪಕ್ಕದಲ್ಲಿ ನಿಂತು ಅದನ್ನೂ ಕೇಳಬೇಕಾಯಿತು.

ಶಿವರಾತ್ರಿ ಕಳೆಯಿತು. ವರ್ತಕ ಅಂಗಡಿಗೆ ಹೋಗುವುದನ್ನೇ ಬಿಟ್ಟ. ಹಿತ್ತಲಿನಲ್ಲಿ ಮಣೆ ಹಾಕಿಸಿಕೊಂಡು, ಮೊದಲ ಮೊಗ್ಗನ್ನು ತಾನೇ ನೋಡಬೇಕೆಂದು ಬೆಳಗಿನಿಂದ ಸಂಜೆಯವರೆಗೆ ಕೂತ. ರಾತ್ರಿ ಅಲ್ಲೇ ಚಾಪೆ ಹಾಸಿದ. ತೋಟಗಾರ ಸಮಯಕ್ಕಾಗಿ ಕಾದ. ಸಮಯ ಸಿಗಲಿಲ್ಲ. ಗುಡಿಸಲಿನ ಮರಳಿನಲ್ಲಿ ಗೆಡ್ಡೆಗಳು ಮೊಳೆತು ಮೂತಿ ಎತ್ತತೊಡಗಿದವು. ವರ್ಷಾಂತಿಕಕ್ಕೆ ಎಂಟು ದಿನ ಉಳಿದಿತ್ತು. ಪಾತಿ ತಾನಾಗಿ ಸತ್ತಿತೆಂದು ಹೇಳಿ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಅವನು ಹಗಲಿನಲ್ಲೇ ಬುಟ್ಟಿ ಹೊತ್ತು ಹೋಗಿ ವರ್ತಕನ ಮುಂದೆ ಇಟ್ಟ.

ವರ್ತಕ ಒಂದು ಗೆಡ್ಡೆಯನ್ನು ಕೈಗೆತ್ತಿಕೊಂಡ. ಪಾತಿಯನ್ನು ನೋಡಿದ.

"ಯಾವಾಗ ಕಿತ್ತೆ?"

"ಕಾರ್ತೀಕದಲ್ಲಿ."

"ಹಾಗಾದರೆ ಇಷ್ಟು ದಿನ ನಾನು ಯಾರ ಜೊತೆ ಮಾತಾಡುತ್ತಿದ್ದೆ?"

ತೋಟಗಾರ ಬುಟ್ಟಿಯನ್ನು ಪಾತಿಯ ಅಂಚಿಗೆ ಸರಿಸಿದ.

"ನೆಡು" ಎಂದ ವರ್ತಕ. "ನೆಟ್ಟು ಹೊರಡು. ಮತ್ತೆ ಈ ಬಾಗಿಲಿಗೆ ಬರಬೇಡ."

ತೋಟಗಾರ ಬೆರಳಿನ ಆಳಕ್ಕೆ ಒಂದೊಂದನ್ನೇ ನೆಟ್ಟ. ಎಷ್ಟು ನೀರು, ಎಂದಿನಿಂದ ಎಂದಿನವರೆಗೆ ಎಂದು ಹೇಳಿದ. ಈ ಸಲ ವರ್ತಕ ಅಡ್ಡ ಮಾತಾಡದೆ ಕೇಳಿಸಿಕೊಂಡ. ಸಂಜೆಯೊಳಗೆ ತೋಟಗಾರ ಹೆಂಡತಿ ಮಕ್ಕಳನ್ನು ಕರೆದುಕೊಂಡು ಗುಡಿಸಲು ಬಿಟ್ಟು ಊರು ದಾಟಿದ. ವರ್ಷಾಂತಿಕದ ದಿನ ಹೂ ಬಂತು.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು.

ಶಿಷ್ಯನ ಮುಖ ಹಗುರಾಯಿತು. "ಅಂದರೆ ಮೀರಬಹುದು ಎಂದಾಯಿತಲ್ಲವೇ ಗುರುಗಳೇ?"

"ತೋಟಗಾರ ತಾನಾಗಿ ಬುಟ್ಟಿ ತಂದು ಮುಂದಿಟ್ಟ. ನೀನು ನನ್ನ ಯಾವ ಮಾತನ್ನು ಮೀರಿ ಬಂದಿದ್ದೀಯೆ, ಅದನ್ನು ಹೇಳು" ಎಂದರು ಗುರುಗಳು.